ಚೊಗರಿನ ಬಣ್ಣ, ಕೈಹೊಲಿಗೆಯ ಲಂಗ

ಗಿಡದ ಬಣ್ಣ ನಿಲ್ಲುವುದಿಲ್ಲ ಎಂದು ಬೇಸರಪಟ್ಟವರನ್ನು ಕೂರಿಸಿ ಕೇಳಿದರೆ ಬಹುಮಟ್ಟಿಗೆ ಒಂದೇ ಕತೆ ಹೊರಬರುತ್ತದೆ. ಹೊಸ ಬಟ್ಟೆಯನ್ನು ನೀರಲ್ಲೊಮ್ಮೆ ಅದ್ದಿ, ನೇರವಾಗಿ ಅರಿಶಿನದ ನೀರಿಗೋ ಬೀಟ್‌ರೂಟ್ ರಸಕ್ಕೋ ಹಾಕಿ ಕುದಿಸಿರುತ್ತಾರೆ. ಮೊದಲ ದಿನ ಕಣ್ಣಿಗೆ ಹಬ್ಬ, ನಾಲ್ಕು ಒಗೆತಕ್ಕೆ ಬಿಳಚು. ಎಡವಟ್ಟಾಗುವುದು ಬಣ್ಣದ ಪಾತ್ರೆ ಒಲೆಗೇರುವ ಮೊದಲೇ. ಹತ್ತಿ ಬಟ್ಟೆಗೆ ಬಣ್ಣ ಕಚ್ಚಬೇಕಾದರೆ ಅದರ ಗಂಜಿ, ಜಿಡ್ಡು ಪೂರಾ ಹೋಗಿರಬೇಕು. ಆಮೇಲೆ ಅಳಲೆಕಾಯಿಯ ಒಗರು, ಅದರ ಮೇಲೆ ಪಟಿಕ ಎಳೆಯೊಳಗೆ ಇಳಿದಿರಬೇಕು. ಮೊಹೆಂಜೊದಾರೊದ ಬೆಳ್ಳಿ ಪಾತ್ರೆಗೆ ಅಂಟಿಕೊಂಡು ಉಳಿದಿದ್ದ ಹತ್ತಿ ಬಟ್ಟೆಯ ತುಣುಕಿನಲ್ಲಿ ಮಂಜಿಷ್ಠ ಜಾತಿಯ ಬೇರಿನ ಕೆಂಪು ಸಿಕ್ಕಿದೆ. ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಈ ನೆಲದ ಜನ ಹತ್ತಿಗೆ ಬಣ್ಣ ಕಟ್ಟಿಹಾಕುವ ಈ ವಿದ್ಯೆಯನ್ನು ಕಲಿತಿದ್ದರು.

ಈ ಲೇಖನದಲ್ಲಿ ಎರಡು ಮೀಟರ್ ಖಾದಿಗೆ ಅಡಿಕೆಯ ಚೊಗರಿನಿಂದ, ಅಂದರೆ ಅಡಿಕೆ ಬೇಯಿಸಿ ಗಟ್ಟಿಯಾದ ನೀರಿನಿಂದ, ಬಣ್ಣ ಹಾಕಿ, ಆರು ವರ್ಷದ ಹುಡುಗಿಗೆ ಲಾಡಿಯ ಲಂಗವೊಂದನ್ನು ಮಷೀನಿಲ್ಲದೆ ಹೊಲಿಯುವ ಕ್ರಮ ಬರೆದಿದ್ದೇನೆ. ಲಂಗವನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಅದರಲ್ಲಿ ಸೊಟ್ಟ ಕತ್ತರಿಕೆ ಒಂದೂ ಇಲ್ಲ, ಎಲ್ಲ ನೇರ ಪಟ್ಟಿಗಳೇ. ಜೊತೆಗೆ ಒಳಗೊಂದು ಮಡಿಕೆ ಬಿಟ್ಟರೆ ಮಗು ಬೆಳೆದಂತೆ ಬಿಚ್ಚಿ ಉದ್ದ ಮಾಡಬಹುದು, ಬಿಚ್ಚಿದಾಗ ಮತ್ತೊಮ್ಮೆ ಬಣ್ಣ ಹಾಕಬಹುದು.

ಬಟ್ಟೆ ಮತ್ತು ಸಾಮಾನು

ಕೋರಾ ಖಾದಿ, ಅಂದರೆ ಬಿಳಿಚಿಸದ ಬಟ್ಟೆ, 36 ಇಂಚು ಪನ್ನದ್ದು (ಅಗಲದ್ದು) ಎರಡು ಮೀಟರ್ ಸಾಕು. ತೆಳುವಾಗಿದ್ದಷ್ಟೂ ಒಳ್ಳೆಯದು, ದಪ್ಪ ಬಟ್ಟೆ ಸೊಂಟದಲ್ಲಿ ಗಂಟುಗಂಟಾಗಿ ಕೂರುತ್ತದೆ. ನಂಜನಗೂಡಿನ ಬಳಿಯ ಬದನವಾಳು, ಧಾರವಾಡ ಜಿಲ್ಲೆಯ ಗರಗ ಖಾದಿಗೆ ಹೆಸರಾದ ಊರುಗಳು. ನಿಮ್ಮೂರಿನ ಖಾದಿ ಭಂಡಾರದಲ್ಲಿ ಸಿಕ್ಕರೂ ಆಯಿತು. ಪಾಲಿಯೆಸ್ಟರ್ ಬೆರೆತ ಬಟ್ಟೆ ಮಾತ್ರ ಬೇಡವೇ ಬೇಡ, ಅದಕ್ಕೆ ಗಿಡದ ಬಣ್ಣ ಹತ್ತುವುದಿಲ್ಲ. ಅನುಮಾನವಿದ್ದರೆ ಅಂಚಿನಿಂದ ಒಂದು ಎಳೆ ಎಳೆದು ಸುಟ್ಟು ನೋಡಿ. ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಮೆದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಹೊಲಿಯುವ ದಾರವೂ ಹತ್ತಿಯದೇ ಇರಲಿ. ಅದರ ಸ್ವಲ್ಪ ಭಾಗವನ್ನು ಸಡಿಲ ಲಡಿ ಮಾಡಿ ಬಟ್ಟೆಯ ಜೊತೆಗೇ ಎಲ್ಲ ಹಂತಗಳಲ್ಲೂ ಅದ್ದಿದರೆ ದಾರ, ಬಟ್ಟೆ ಒಂದೇ ಬಣ್ಣಕ್ಕೆ ಬರುತ್ತವೆ.

ಚೊಗರು ಎಂದರೇನೆಂದು ಮಲೆನಾಡಿನವರಿಗೆ ಹೇಳಬೇಕಿಲ್ಲ. ಸಾಗರ, ತೀರ್ಥಹಳ್ಳಿ, ಕೊಪ್ಪ, ಶಿರಸಿ ಕಡೆ ಎಳೆಯ ಹಸಿ ಅಡಿಕೆಯನ್ನು ಸುಲಿದು ಹಂಡೆಯಲ್ಲಿ ಬೇಯಿಸುತ್ತಾರೆ. ಆ ನೀರು ಬೇಯುತ್ತ ಬೇಯುತ್ತ ಕೆಂಪಾಗಿ, ಕೊನೆಗೆ ಪಾಕದಂತೆ ಗಟ್ಟಿಯಾಗುತ್ತದೆ. ಅದೇ ಚೊಗರು. ಕೆಂಪಡಿಕೆಗೆ ಹೊಳಪು, ಬಣ್ಣ ಬರುವುದು ಅದರಿಂದಲೇ. ಕರಾವಳಿಯಲ್ಲಿ ಹಣ್ಣಡಿಕೆಯನ್ನು ಒಣಗಿಸಿ ಚಾಲಿ ಮಾಡುವುದರಿಂದ ಅಲ್ಲಿ ಚೊಗರು ಇರುವುದಿಲ್ಲ. ಅಡಿಕೆ ಸುಲಿದವರ ಕೈಯ ಕಲೆ ಎಷ್ಟು ದಿನ ಉಳಿಯುತ್ತದೆ ಎಂದು ನೋಡಿದವರಿಗೆ ಇದರ ಶಕ್ತಿಯ ಅಂದಾಜು ಇರುತ್ತದೆ. ಹೆಗ್ಗೋಡಿನ ಸಮೀಪದ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರು 1996ರಲ್ಲಿ ಹಳ್ಳಿಯ ಹೆಣ್ಣುಮಕ್ಕಳೊಂದಿಗೆ ಕಟ್ಟಿದ ಚರಕ ಸಂಸ್ಥೆ ಈ ಚೊಗರನ್ನು ಕೈಮಗ್ಗದ ಬಣ್ಣವಾಗಿ ಬಳಕೆಗೆ ತಂದಿತು. ಮನೆಯ ಅಂಗಳದಲ್ಲೇ ಸಿಗುವ ವಸ್ತುವಿನಿಂದ ಇಷ್ಟು ಗಂಭೀರವಾದ ಕೆಂಪುಗಂದು ಬರುತ್ತದೆಂದು ಅವರು ಬಟ್ಟೆಯಲ್ಲೇ ತೋರಿಸಿದರು.

ಪೇಟೆಯಲ್ಲಿರುವವರಿಗೆ ಚೊಗರು ಸಿಗದಿದ್ದರೆ ದಾಳಿಂಬೆ ಸಿಪ್ಪೆ ಒಳ್ಳೆಯ ಬದಲಿ. ಜ್ಯೂಸ್ ಅಂಗಡಿಯಲ್ಲಿ ಕೇಳಿದರೆ ಚೀಲಗಟ್ಟಲೆ ಕೊಡುತ್ತಾರೆ, ತಂದು ಒಣಗಿಸಿಟ್ಟುಕೊಳ್ಳಿ. ಹಳದಿ ಬಣ್ಣ ಬರುತ್ತದೆ, ಚೆನ್ನಾಗಿ ನಿಲ್ಲುತ್ತದೆ. ಈರುಳ್ಳಿಯ ಒಣಸಿಪ್ಪೆ ಬಂಗಾರದ ಹಳದಿಯಿಂದ ಕಿತ್ತಳೆಯವರೆಗೆ ಕೊಡುತ್ತದೆ, ಆದರೆ ಬಿಸಿಲಿಗೆ ದಾಳಿಂಬೆಯಷ್ಟು ಗಟ್ಟಿಯಲ್ಲ. ಅರಿಶಿನ ಪಟಿಕವಿಲ್ಲದೆಯೂ ಹತ್ತುತ್ತದೆ, ಪಟಿಕ ಹಾಕಿದರೂ ಬಿಸಿಲಿಗೆ ಹಾರುತ್ತದೆ. ಬೀಟ್‌ರೂಟಿನ ಕೆಂಪು ಬಟ್ಟೆಯಲ್ಲಿ ನಿಲ್ಲುವ ಜಾತಿಯದೇ ಅಲ್ಲ. ಇವೆರಡನ್ನು ಅಡುಗೆಮನೆಗೇ ಬಿಡಿ. ನೀಲಿ ಗಿಡದ ದಾರಿಯೇ ಬೇರೆ: ಅದಕ್ಕೆ ಪಟಿಕ ಬೇಕಿಲ್ಲ, ಹುದುಗಿಸಿದ ತೊಟ್ಟಿ ಬೇಕು. ಇಲ್ಲಿ ಅದರ ವಿಷಯ ತೆಗೆಯುವುದಿಲ್ಲ.

ಉಳಿದಂತೆ ಬೇಕಾದದ್ದು ಹತ್ತು ಹನ್ನೆರಡು ಲೀಟರ್ ಹಿಡಿಯುವ ಸ್ಟೀಲ್ ಪಾತ್ರೆ, ಬಿದಿರಿನ ಕೋಲು, ಅಡುಗೆಮನೆಯ ತಕ್ಕಡಿ, ಅಂಟುವಾಳಕಾಯಿ, ವಾಷಿಂಗ್ ಸೋಡಾ. ಅಳಲೆಕಾಯಿ, ಪಟಿಕ, ಅನ್ನಭೇದಿ (ಕಬ್ಬಿಣದ ಉಪ್ಪು) ಮೂರೂ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತವೆ. ಬಣ್ಣಕ್ಕೆ ಬಳಸಿದ ಪಾತ್ರೆಯನ್ನು ಮತ್ತೆ ಅಡುಗೆಗೆ ತರಬೇಡಿ. ಕಬ್ಬಿಣದ ಬಾಣಲೆ, ತಾಮ್ರದ ಹಂಡೆ ಬಣ್ಣವನ್ನು ತಮ್ಮ ಕಡೆ ಎಳೆದು ಮಂಕು ಮಾಡುತ್ತವೆ. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶವಿದ್ದರೂ ಇದೇ ತೊಂದರೆ. ಹಿಡಿದಿಟ್ಟ ಮಳೆನೀರು ಇದ್ದರೆ ಅದಕ್ಕಿಂತ ಉತ್ತಮವಾದದ್ದಿಲ್ಲ.

ತೂಕ ಮತ್ತು ತೊಳೆತ

ಒಣ ಬಟ್ಟೆಯನ್ನು ತೂಗಿ ಬರೆದಿಟ್ಟುಕೊಳ್ಳಿ. ಇಲ್ಲಿನ ಎಲ್ಲ ಲೆಕ್ಕವೂ ಆ ತೂಕದ ಮೇಲೆಯೇ ನಿಂತಿದೆ. ಕಣ್ಣಂದಾಜಿನಲ್ಲಿ ಮಾಡಿದ ಬಣ್ಣ ಒಮ್ಮೆ ಚಂದ ಬಂದರೂ ಎರಡನೇ ಸಲ ಅದೇ ಬಣ್ಣ ತರಲಾಗುವುದಿಲ್ಲ. ನಿಮ್ಮ ಎರಡು ಮೀಟರ್ 250 ಗ್ರಾಂ ತೂಗಿತು ಎಂದಿಟ್ಟುಕೊಂಡು ಮುಂದೆ ಹೇಳುತ್ತೇನೆ. ಹೆಚ್ಚು ಕಡಿಮೆಯಾದರೆ ಆ ಪ್ರಮಾಣಕ್ಕೆ ಹೊಂದಿಸಿಕೊಳ್ಳಿ.

ಆರೇಳು ಲೀಟರ್ ನೀರಿಗೆ 5 ಗ್ರಾಂ ವಾಷಿಂಗ್ ಸೋಡಾ, ಒಂದು ಹಿಡಿ ಅಂಟುವಾಳಕಾಯಿಯನ್ನು ನೆನೆಸಿ ಹಿಂಡಿದ ರಸ ಹಾಕಿ, ಒದ್ದೆ ಮಾಡಿದ ಬಟ್ಟೆಯನ್ನು ಬಿಡಿಬಿಡಿಯಾಗಿ ಇಳಿಸಿ. ಸಣ್ಣ ಕುದಿಯಲ್ಲಿ ಒಂದು ಗಂಟೆ, ಕೋರಾ ಬಟ್ಟೆಯಾದರೆ ಎರಡು ಗಂಟೆ ಬೇಯಲಿ. ಸೋಡಾ ಅಲ್ಯೂಮಿನಿಯಂ ಪಾತ್ರೆಯನ್ನು ತಿನ್ನುತ್ತದೆ, ಆದ್ದರಿಂದ ಇಲ್ಲಿ ಸ್ಟೀಲೇ ಆಗಬೇಕು. ನೀರು ಚಹಾದ ಬಣ್ಣಕ್ಕೆ ತಿರುಗುವುದನ್ನು ನೋಡಿದರೆ ಬಟ್ಟೆಯಲ್ಲಿ ಎಷ್ಟು ಜಿಡ್ಡಿತ್ತೆಂದು ತಿಳಿಯುತ್ತದೆ. ನೀರು ತೀರಾ ಕಂದಾಗಿದ್ದರೆ ಇನ್ನೊಮ್ಮೆ ಬೇಯಿಸಿ. ಆಮೇಲೆ ನೀರು ತಿಳಿಯಾಗುವವರೆಗೆ ಜಾಲಿಸಿ.

ಸರಿಯಾಗಿ ತೊಳೆದಿದೆಯೇ ಎಂದು ತಿಳಿಯುವುದು ಸುಲಭ. ಬಟ್ಟೆ ಒಣಗಿದ ಮೇಲೆ ಅದರ ಮೇಲೊಂದು ಹನಿ ನೀರು ಬಿಡಿ. ಹನಿ ತಕ್ಷಣ ಇಂಗಿದರೆ ತೊಳೆತ ಮುಗಿಯಿತು. ಮುತ್ತಿನ ಹಾಗೆ ಮೇಲೆ ನಿಂತರೆ ಮತ್ತೆ ಒಲೆಗೇರಿಸಬೇಕು. ಈ ಹಂತ ಬೇಸರದ್ದು, ಇದನ್ನು ದಾಟಿಸುವ ಆಸೆ ಎಲ್ಲರಿಗೂ ಬರುತ್ತದೆ. ಮುಂದೆ ಬಟ್ಟೆಯ ಮೇಲೆ ಮೂಡುವ ಪಟ್ಟೆ, ಮಚ್ಚೆಗಳಲ್ಲಿ ಹೆಚ್ಚಿನವು ಇಲ್ಲಿಯೇ ಹುಟ್ಟುತ್ತವೆ. ಬಟ್ಟೆ ಕುಗ್ಗುವುದಿದ್ದರೂ ಈಗಲೇ ಕುಗ್ಗಿಬಿಡುತ್ತದೆ.

ಅಳಲೆ, ಪಟಿಕ

ರೇಷ್ಮೆ, ಉಣ್ಣೆ ಪಟಿಕವನ್ನು ತಾವಾಗಿಯೇ ಹಿಡಿದುಕೊಳ್ಳುತ್ತವೆ. ಹತ್ತಿಗೆ ಆ ಗುಣವಿಲ್ಲ, ನಡುವೆ ಒಗರಿನ ಆಸರೆ ಬೇಕು. ಅಳಲೆಕಾಯಿಯಲ್ಲಿರುವ ಟ್ಯಾನಿನ್ ಹತ್ತಿಯನ್ನು ಹಿಡಿಯುತ್ತದೆ, ಪಟಿಕ ಆ ಟ್ಯಾನಿನ್ನನ್ನು ಹಿಡಿಯುತ್ತದೆ, ಬಣ್ಣ ಪಟಿಕವನ್ನು ಹಿಡಿಯುತ್ತದೆ. ಸರಪಳಿಯಲ್ಲಿ ಒಂದು ಕೊಂಡಿ ತಪ್ಪಿದರೂ ಬಣ್ಣ ಒಗೆದ ನೀರಿಗೆ ಹೋಗುತ್ತದೆ. ಚೊಗರಿನಲ್ಲೇ ಒಗರು ಇದೆಯಲ್ಲ, ಅಳಲೆ ಯಾಕೆ ಎಂದು ಕೇಳಬಹುದು. ಪಟಿಕಕ್ಕಿಂತ ಮುಂಚೆ ಬಟ್ಟೆಯಲ್ಲಿ ಒಗರು ಕೂತಿರಬೇಕು, ಅದಕ್ಕೆ ಅಳಲೆ.

ಬೀಜ ತೆಗೆದ ಅಳಲೆಯ ಪುಡಿ 50 ಗ್ರಾಂ, ಅಂದರೆ ಬಟ್ಟೆಯ ತೂಕದ ಶೇ. 20. ಇದನ್ನು ಒಂದು ಲೀಟರ್ ಬಿಸಿನೀರಿನಲ್ಲಿ ರಾತ್ರಿ ನೆನೆಸಿ ಬೆಳಿಗ್ಗೆ ತೆಳು ಬಟ್ಟೆಯಲ್ಲಿ ಸೋಸಿ. ಬಟ್ಟೆ ಮುಳುಗುವಷ್ಟು ನೀರು ಸೇರಿಸಿ, ಬಟ್ಟೆಯನ್ನು ಅದರಲ್ಲಿ ಚೆನ್ನಾಗಿ ಕಿವುಚಿ ಎಂಟು ಹತ್ತು ಗಂಟೆ ಬಿಡಿ. ನಡುನಡುವೆ ಮಗುಚುತ್ತಿರಿ. ತೆಗೆದು ಹಿಂಡಿ ಒಣಗಿಸಿ, ಜಾಲಿಸಬೇಡಿ. ಬಟ್ಟೆ ಬೆಣ್ಣೆಯ ಹಳದಿಗೆ ತಿರುಗಿರುತ್ತದೆ. ಇಲ್ಲಿಂದ ಮುಂದೆ ಕಬ್ಬಿಣದ ತಂತಿಯ ಮೇಲೆ ಹರವಬೇಡಿ, ತುಕ್ಕು ತಾಗಿದಲ್ಲೆಲ್ಲ ಕಪ್ಪು ಗೆರೆ ಬೀಳುತ್ತದೆ, ಅದು ಹೋಗುವುದಿಲ್ಲ. ಪ್ಲಾಸ್ಟಿಕ್ ಹಗ್ಗವೋ ಬಿದಿರಿನ ಗಳವೋ ಕ್ಷೇಮ.

ಪಟಿಕ ಶೇ. 15, ಅಂದರೆ 38 ಗ್ರಾಂ. ಪುಡಿ ಮಾಡಿ ಒಂದು ಲೋಟ ಬಿಸಿನೀರಿನಲ್ಲಿ ಪೂರ್ತಿ ಕರಗಿಸಿ, ಆರು ಲೀಟರ್ ಬೆಚ್ಚಗಿನ ನೀರಿಗೆ ಬೆರೆಸಿ. ಅಳಲೆ ಹಿಡಿದ ಬಟ್ಟೆಯನ್ನು ಮತ್ತೆ ಒದ್ದೆ ಮಾಡಿ ಇಳಿಸಿ. ಮೊದಲ ಅರ್ಧ ಗಂಟೆ ಕೈ ಬಿಡದೆ ಆಡಿಸಿ, ಆಮೇಲೆ ರಾತ್ರಿಯಿಡೀ ಬಿಡಬಹುದು. ಪುಡಿ ಮಾಡುವಾಗ ಧೂಳು ಮೂಗಿಗೆ ಹೋಗದಂತೆ ಬಟ್ಟೆ ಕಟ್ಟಿಕೊಳ್ಳಿ. ಮರುದಿನ ಹಿಂಡಿ, ಒಮ್ಮೆ ಹಗುರಾಗಿ ಜಾಲಿಸಿ. ಸರಿಯಾಗಿ ಕೂರದ ಪಟಿಕ ಬಟ್ಟೆಯ ಮೇಲೆಯೇ ಉಳಿದರೆ ಬಣ್ಣವನ್ನು ನೀರಿನಲ್ಲೇ ಹಿಡಿದು ಕೆಸರು ಮಾಡುತ್ತದೆ. ಉಳಿದ ಪಟಿಕದ ನೀರನ್ನು ಕುಂಡದ ಗಿಡಗಳಿಗೆ ಹಾಕದೆ ಬಚ್ಚಲಿಗೆ ಬಿಡಿ.

ಬಣ್ಣದ ಪಾತ್ರೆ

ಗಟ್ಟಿ ಚೊಗರು 125 ಗ್ರಾಂ ತೆಗೆದುಕೊಂಡು ಬಿಸಿನೀರಿನಲ್ಲಿ ಕದಡಿ. ಗಸಿ ಇದ್ದೇ ಇರುತ್ತದೆ, ಎರಡು ಸಲ ಸೋಸಿ, ಇಲ್ಲವಾದರೆ ಬಟ್ಟೆಗೆ ಚುಕ್ಕೆ ಬೀಳುತ್ತದೆ. ಒಬ್ಬರ ಮನೆಯ ಚೊಗರು ಇನ್ನೊಬ್ಬರ ಮನೆಯದರಷ್ಟು ಗಟ್ಟಿ ಇರುವುದಿಲ್ಲ. ಹಾಗಾಗಿ ಅಳಲೆ, ಪಟಿಕ ಕೊಟ್ಟ ಬಟ್ಟೆಯ ಸಣ್ಣ ತುಂಡೊಂದನ್ನು ಮೊದಲು ಅರ್ಧ ಗಂಟೆ ಅದ್ದಿ, ಒಣಗಿಸಿ ನೋಡಿ. ಹಸಿಯಲ್ಲಿ ಕಾಣುವುದಕ್ಕಿಂತ ಒಣಗಿದಾಗ ಬಣ್ಣ ಒಂದು ಮಟ್ಟ ತಿಳಿಯಾಗುತ್ತದೆ. ಸಾಲದಿದ್ದರೆ ಚೊಗರು ಹೆಚ್ಚಿಸಿ.

ದಾಳಿಂಬೆಯಾದರೆ ಒಣಸಿಪ್ಪೆ 125 ಗ್ರಾಂ ಜಜ್ಜಿ ಒಂದು ಗಂಟೆ ಬೇಯಿಸಿ ಸೋಸಿದ ನೀರು. ಈರುಳ್ಳಿ ಸಿಪ್ಪೆ ಬಟ್ಟೆಯಷ್ಟೇ ತೂಕ ಬೇಕು, ತಂದು ನೋಡಿದರೆ ಒಂದು ದೊಡ್ಡ ಚೀಲವೇ ಆಗುತ್ತದೆ.

ಬಣ್ಣದ ನೀರು ಆರೇಳು ಲೀಟರ್ ಇರಲಿ, ಬಟ್ಟೆ ಪಾತ್ರೆಯಲ್ಲಿ ಈಜಬೇಕು, ತುರುಕಿದಂತಿರಬಾರದು. ನೀರು ಉಗುರುಬೆಚ್ಚಗಿರುವಾಗಲೇ ಒದ್ದೆ ಬಟ್ಟೆಯನ್ನು ಇಳಿಸಿ, ಆಮೇಲೆ ಉರಿ ಏರಿಸುತ್ತ ಹೋಗಿ. ಕುದಿಯುವ ನೀರಿಗೆ ಒಮ್ಮೆಲೇ ಹಾಕಿದರೆ ಮೊದಲು ತಾಗಿದ ಕಡೆ ಬಣ್ಣ ದಟ್ಟವಾಗಿ ಕೂತುಬಿಡುತ್ತದೆ. ಅಂಚಿನಲ್ಲಿ ಸಣ್ಣ ಗುಳ್ಳೆ ಏಳುವ ಹದದಲ್ಲಿ ಮುಕ್ಕಾಲರಿಂದ ಒಂದು ಗಂಟೆ. ಈ ಹೊತ್ತಿನಲ್ಲಿ ಬೇರೆ ಕೆಲಸ ಹಚ್ಚಿಕೊಳ್ಳಬೇಡಿ. ಬಿದಿರಿನ ಕೋಲಿನಿಂದ ಬಟ್ಟೆಯನ್ನು ಎತ್ತಿ, ಬಿಡಿಸಿ, ಮಗುಚಿ ಮತ್ತೆ ಮುಳುಗಿಸುತ್ತಲೇ ಇರಬೇಕು. ಒಲೆ ಆರಿಸಿದ ಮೇಲೆ ಅದೇ ನೀರಿನಲ್ಲಿ ರಾತ್ರಿಯಿಡೀ ತಣಿಯಲಿ, ಮೇಲೆ ತೇಲದಂತೆ ಒಂದು ತಟ್ಟೆ ಕವುಚಿಡಿ.

ಬೆಳಿಗ್ಗೆ ಹಿಂಡಿ, ಜಾಲಿಸದೆ ನೆರಳಿನಲ್ಲಿ ಒಣಗಿಸಿ. ಒಂದೆರಡು ದಿನ ಹಾಗೆಯೇ ಇಟ್ಟು ಆಮೇಲೆ ತಣ್ಣೀರಿನಲ್ಲಿ ಜಾಲಿಸಿ. ಹಿಡಿಯದ ಬಣ್ಣ ಮೊದಲ ಎರಡು ನೀರಿಗೆ ಹೋಗುತ್ತದೆ, ಗಾಬರಿ ಬೇಡ. ಮೂರನೇ ನೀರು ತಿಳಿಯಾಗಿರಬೇಕು.

ಇಟ್ಟಿಗೆಗೆಂಪಿಗಿಂತ ಗಾಢವಾದ ಕಾಫಿ ಕಂದು ಬೇಕೆಂದರೆ ಅನ್ನಭೇದಿ ಇದೆ. ಶೇ. 2, ಅಂದರೆ 5 ಗ್ರಾಂ ಮಾತ್ರ. ಬಿಸಿನೀರಿನಲ್ಲಿ ಕರಗಿಸಿ ಆರು ಲೀಟರ್ ತಣ್ಣೀರಿಗೆ ಬೆರೆಸಿ, ಬಣ್ಣ ಹಾಕಿದ ಒದ್ದೆ ಬಟ್ಟೆಯನ್ನು ಐದರಿಂದ ಹತ್ತು ನಿಮಿಷ ಆಡಿಸಿ ತಕ್ಷಣ ಚೆನ್ನಾಗಿ ಜಾಲಿಸಿ. ಬಣ್ಣ ಕಣ್ಣೆದುರೇ ಕಪ್ಪಾಗುತ್ತದೆ. ದಾಳಿಂಬೆಯ ಹಳದಿ ಹೀಗೆ ಅದ್ದಿದರೆ ಪಾಚಿ ಹಸಿರಿಗೆ ಹೊರಳುತ್ತದೆ. ಹೆಚ್ಚು ಹಾಕಿದರೆ ಇನ್ನೂ ಚೆನ್ನ ಎನ್ನುವ ಆಸೆಗೆ ಬೀಳಬೇಡಿ, ಕಬ್ಬಿಣ ಹೆಚ್ಚಾದ ಹತ್ತಿ ವರ್ಷಗಳಲ್ಲಿ ಜೀರ್ಣವಾಗಿ ಹರಿಯುತ್ತದೆ. ಅನ್ನಭೇದಿಯ ಪೊಟ್ಟಣ ಮಕ್ಕಳ ಕೈಗೆ ಸಿಗದಂತೆ ಇಡಿ, ಅದು ಹೊಟ್ಟೆಗೆ ಹೋದರೆ ಅಪಾಯ.

ಬಣ್ಣ ಎಷ್ಟು ಗಟ್ಟಿ ಎಂದು ತಿಳಿಯಲು ಒಂದು ತುಂಡಿನ ಅರ್ಧಕ್ಕೆ ದಪ್ಪ ರಟ್ಟು ಮುಚ್ಚಿ ಬಿಸಿಲು ಬೀಳುವ ಕಿಟಕಿಯಲ್ಲಿ ಒಂದು ವಾರ ಇಡಿ. ರಟ್ಟು ತೆಗೆದಾಗ ಎರಡು ಭಾಗಗಳ ನಡುವೆ ಗೆರೆ ಕಾಣದಿದ್ದರೆ ನಿಶ್ಚಿಂತೆ.

ಕತ್ತರಿಸುವುದು

ಮಗುವಿನ ಸೊಂಟದಿಂದ ಕಣಕಾಲಿನವರೆಗೆ ಅಳೆಯಿರಿ. 24 ಇಂಚು ಬಂತೆನ್ನೋಣ. ಅದಕ್ಕೆ ಮೇಲೆ ಲಾಡಿ ಹೋಗುವ ಮಡಿಕೆಗೆ 2 ಇಂಚು, ಕೆಳ ಅಂಚಿಗೆ ಎರಡೂವರೆ, ಒಳಮಡಿಕೆಗೆ 3 ಸೇರಿಸಿದರೆ ಮೂವತ್ತೊಂದೂವರೆ. 32 ಇಂಚಿನ ಎರಡು ತುಂಡುಗಳನ್ನು ಪೂರ್ತಿ ಪನ್ನದಲ್ಲಿ ಕತ್ತರಿಸಿ. ಗೆರೆ ಎಳೆಯುವುದಕ್ಕಿಂತ ಅಡ್ಡ ಎಳೆಯೊಂದನ್ನು ಎಳೆದು ತೆಗೆದರೆ ಅದರ ಜಾಗದಲ್ಲಿ ನೇರ ದಾರಿ ಬೀಳುತ್ತದೆ, ಕತ್ತರಿ ಅದರ ಮೇಲೆಯೇ ಓಡಲಿ. ಉಳಿದ ಬಟ್ಟೆಯಿಂದ ಒಂದೂವರೆ ಇಂಚು ಅಗಲದ ಎರಡು ಪಟ್ಟಿ ಲಾಡಿಗೆ ತೆಗೆದಿಡಿ. ಬಟ್ಟೆ ದಪ್ಪವಾಗಿದ್ದರೆ ತುಂಡುಗಳ ಅಗಲವನ್ನು 28 ಇಂಚಿಗೆ ಇಳಿಸಿ, ಸೊಂಟದಲ್ಲಿ ನೆರಿಗೆ ಹಗುರಾಗುತ್ತದೆ.

ಹೊಲಿಯುವುದು

ದಾರ ಒಂದು ಮೊಳಕ್ಕಿಂತ ಉದ್ದ ಬೇಡ. ಉದ್ದವಾದಷ್ಟೂ ಗಂಟು ಬೀಳುತ್ತದೆ, ಬಟ್ಟೆಯಲ್ಲಿ ಹಾದು ಹಾದು ಸವೆಯುತ್ತದೆ. ಜೇನುಮೇಣದ ತುಂಡಿನ ಮೇಲೆ ದಾರವನ್ನು ಒಮ್ಮೆ ಎಳೆದರೆ ನುಣುಪಾಗಿ, ಗಟ್ಟಿಯಾಗಿ ಹೋಗುತ್ತದೆ. ಸಣ್ಣ ಸೂಜಿ ಸಾಕು, ಖಾದಿಯ ಎಳೆಗಳ ನಡುವೆ ಅದು ತಾನಾಗಿ ದಾರಿ ಮಾಡಿಕೊಳ್ಳುತ್ತದೆ.

ಎರಡು ತುಂಡುಗಳನ್ನು ಒಂದರ ಮೇಲೊಂದಿಟ್ಟು ಪಕ್ಕದ ಅಂಚುಗಳನ್ನು ಜೋಡಿಸಿ. ನೇಯ್ಗೆಯ ಅಂಚೇ ಇರುವುದರಿಂದ ಎಳೆ ಬಿಚ್ಚುವುದಿಲ್ಲ, ಕೈಹೊಲಿಗೆಗೆ ಇದೊಂದು ದೊಡ್ಡ ಅನುಕೂಲ. 28 ಇಂಚಿಗೆ ಕತ್ತರಿಸಿದವರು ಕತ್ತರಿಸಿದ ಅಂಚನ್ನು ಒಳಗೆ ಮಡಚಿ ಮೊದಲು ಹೆಮ್ಮಿಂಗ್ ಮಾಡಿಕೊಳ್ಳಿ. ಅಂಚಿನಿಂದ ಅರ್ಧ ಇಂಚು ಒಳಗೆ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ ಹಿಡಿಸಿ, ಅದರ ಪಕ್ಕದಲ್ಲೇ ನಿಜವಾದ ಹೊಲಿಗೆ ಹಾಕಿ. ಸಾದಾ ಹೊಲಿಗೆ ಇಂಚಿಗೆ ಎಂಟರಷ್ಟು ಬಂದರೆ ಸಾಕು. ನಾಲ್ಕು ಹೊಲಿಗೆಗೊಮ್ಮೆ ಸೂಜಿಯನ್ನು ಒಂದು ಹೆಜ್ಜೆ ಹಿಂದಕ್ಕೆ ಹಾಕಿ ಮುಂದೆ ತೆಗೆಯಿರಿ. ಹೀಗೆ ಮಾಡಿದರೆ ದಾರ ಎಲ್ಲೋ ಹರಿದರೂ ಹೊಲಿಗೆ ಉದ್ದಕ್ಕೂ ಬಿಚ್ಚಿಕೊಳ್ಳುವುದಿಲ್ಲ. ದಾರವನ್ನು ಬಿಗಿಯಾಗಿ ಜಗ್ಗಬೇಡಿ, ಬಟ್ಟೆ ಸುಕ್ಕಾಗುತ್ತದೆ. ಒಂದು ಪಕ್ಕದಲ್ಲಿ ಮೇಲಿನ 2 ಇಂಚು ಹೊಲಿಯದೆ ಬಿಡಿ, ಲಾಡಿ ಹೊರಬರುವ ಬಾಯಿ ಅದು. ಆ ಸೀಳಿನ ಎರಡೂ ಅಂಚುಗಳನ್ನು ಒಳಗೆ ಮಡಚಿ ಸಣ್ಣಗೆ ಹೊಲಿದು, ಸೀಳಿನ ಬುಡದಲ್ಲಿ ನಾಲ್ಕಾರು ಹೊಲಿಗೆ ಒಂದೇ ಕಡೆ ಹಾಕಿ ಗಟ್ಟಿ ಮಾಡಿ.

ಕೆಳ ಅಂಚನ್ನು ಅರ್ಧ ಇಂಚು, ಮತ್ತೆ ಎರಡು ಇಂಚು ಒಳಗೆ ಮಡಚಿ ಹೆಮ್ಮಿಂಗ್ ಮಾಡಿ. ಸೂಜಿ ಹೊರಗಿನ ಬಟ್ಟೆಯಲ್ಲಿ ಒಂದೆರಡು ಎಳೆಯನ್ನಷ್ಟೇ ಎತ್ತಬೇಕು, ಆಗ ಹೊರಗಿನಿಂದ ಹೊಲಿಗೆ ಕಾಣುವುದಿಲ್ಲ.

ಈಗ ಒಳಮಡಿಕೆ. ಅಂಚಿನಿಂದ ಸುಮಾರು 6 ಇಂಚು ಮೇಲೆ ಸುತ್ತಲೂ ಗುರುತು ಹಾಕಿ, ಹೊರಮೈಗಳು ಒಂದಕ್ಕೊಂದು ತಾಗುವಂತೆ ಆ ಗುರುತಿನ ಮೇಲೆ ಬಟ್ಟೆಯನ್ನು ಮಡಚಿ. ಮಡಿಕೆಯ ತುದಿಯಿಂದ ಒಂದೂವರೆ ಇಂಚಿಗೆ ಸುತ್ತಲೂ ಸಾದಾ ಹೊಲಿಗೆ ಹಾಕಿ. ಮಡಿಕೆ ಲಂಗದ ಒಳಗೆ ತೂಗುತ್ತದೆ, 3 ಇಂಚು ಬಟ್ಟೆ ಅದರಲ್ಲಿ ಅಡಗಿರುತ್ತದೆ. ಇಲ್ಲಿ ಹೊಲಿಗೆ ಉದ್ದುದ್ದವಾಗಿರಲಿ, ಮುಂದೊಂದು ದಿನ ಇದನ್ನು ಬಿಚ್ಚಲೆಂದೇ ಹಾಕುತ್ತಿದ್ದೇವೆ. ಈ ವಯಸ್ಸಿನ ಮಕ್ಕಳು ವರ್ಷಕ್ಕೆ ಐದಾರು ಸೆಂಟಿಮೀಟರ್ ಎತ್ತರವಾಗುತ್ತಾರೆ, ಅದರಲ್ಲಿ ಕಾಲಿನ ಪಾಲು ಅರ್ಧದಷ್ಟು. 3 ಇಂಚಿನ ಮಡಿಕೆ ಎರಡು ವರ್ಷಕ್ಕೆ ಧಾರಾಳ. ಅಂಗಡಿಯ ಸಿದ್ಧ ಉಡುಪಿನಲ್ಲಿ ಈ ಸೌಲಭ್ಯ ಹುಡುಕಿದರೂ ಸಿಗುವುದು ಕಷ್ಟ. ಹಿಂದೆ ಮನೆಮನೆಯಲ್ಲೂ ಹೆಣ್ಣುಮಕ್ಕಳ ಲಂಗಕ್ಕೆ ಹೀಗೆ ಮಡಿಕೆ ಹಾಕಿ ಹೊಲಿಯುತ್ತಿದ್ದರು. ಆ ರೂಢಿ ಮತ್ತೆ ಬರಬೇಕೆಂಬುದು ನನ್ನ ಮನಸ್ಸಿನ ಆಸೆ.

ಮೇಲಿನ ಅಂಚನ್ನು ಅರ್ಧ ಇಂಚು, ಮತ್ತೆ ಒಂದೂವರೆ ಇಂಚು ಮಡಚಿ ಹೊಲಿಯಿರಿ. ಇಲ್ಲಿ ಎಳೆತ ಹೆಚ್ಚು, ಆದ್ದರಿಂದ ಪ್ರತಿ ಹೊಲಿಗೆಯೂ ಹಿಂದಕ್ಕೆ ಹೋಗಿ ಮುಂದೆ ಬರುವ ಬ್ಯಾಕ್ ಸ್ಟಿಚ್ ಆಗಿರಲಿ. ಲಾಡಿಯ ಪಟ್ಟಿಗಳನ್ನು ಜೋಡಿಸಿ, ಎರಡೂ ಅಂಚು ನಡುವಿಗೆ ಬರುವಂತೆ ಮಡಚಿ, ಮತ್ತೆ ಎರಡಾಗಿ ಮಡಚಿ ಉದ್ದಕ್ಕೂ ಹೊಲಿಯಿರಿ. ಸೊಂಟದ ಸುತ್ತಳತೆಗಿಂತ 20 ಇಂಚು ಹೆಚ್ಚಿರಲಿ. ತುದಿಗೆ ಸೇಫ್ಟಿ ಪಿನ್ ಹಾಕಿ ಮಡಿಕೆಯೊಳಗೆ ತೂರಿಸಿ ಆಚೆ ಬಾಯಿಂದ ಎಳೆದುಕೊಳ್ಳಿ. ಲಾಡಿ ಒಳಗೆ ಜಾರದಂತೆ ಎರಡೂ ತುದಿಗೆ ಗಂಟು ಹಾಕಿ.

ಒಗೆತ, ಮರುಬಣ್ಣ

ಮೊದಲ ಕೆಲವು ಸಲ ಬೇರೆಯಾಗಿ ಒಗೆಯಿರಿ. ಅಂಟುವಾಳ ಅಥವಾ ಮೆದು ಸೋಪು ಸಾಕು. ಬ್ಲೀಚ್, ಸೋಡಾ ಹೆಚ್ಚಿರುವ ಪುಡಿ ಬೇಡ. ಕಲೆ ತೆಗೆಯಲು ನಿಂಬೆಹುಳಿ ಉಜ್ಜಬೇಡಿ, ಹುಳಿ ತಾಗಿದ ಜಾಗ ಬೇರೆ ಬಣ್ಣಕ್ಕೆ ತಿರುಗುತ್ತದೆ. ಒಳಮೈ ಹೊರಗೆ ಮಾಡಿ ನೆರಳಿನಲ್ಲಿ ಹರವಿ.

ಲಂಗ ಗಿಡ್ಡವಾದಾಗ ಒಳಮಡಿಕೆಯ ಹೊಲಿಗೆ ಬಿಚ್ಚಿ. ಒಳಗಿದ್ದ ಪಟ್ಟಿ ಬಿಸಿಲು ಕಾಣದೆ ಗಾಢವಾಗಿಯೇ ಉಳಿದಿರುತ್ತದೆ, ಸುತ್ತಲ ಬಟ್ಟೆ ತುಸು ತಿಳಿಯಾಗಿರುತ್ತದೆ. ಲಾಡಿ ತೆಗೆದು, ಇಡೀ ಲಂಗವನ್ನು ಅಂಟುವಾಳದ ಬಿಸಿನೀರಿನಲ್ಲಿ ಒಗೆಯಿರಿ. ಸೋಡಾ ಹಾಕಿ ಕುದಿಸಬೇಡಿ, ಇರುವ ಬಣ್ಣವೂ ಬಿಟ್ಟುಕೊಳ್ಳುತ್ತದೆ. ಅಳಲೆ 25 ಗ್ರಾಂ, ಪಟಿಕ 20 ಗ್ರಾಂ, ಚೊಗರು 60 ಗ್ರಾಂ, ಹೀಗೆ ಮೊದಲಿನ ಅರ್ಧದಷ್ಟು ಪ್ರಮಾಣದಲ್ಲಿ ಅವೇ ಹಂತಗಳನ್ನು ಮಾಡಿ. ಹೊಲಿಗೆಯ ದಾರ ಹತ್ತಿಯದೇ ಆಗಿದ್ದರೆ ಅದೂ ಜೊತೆಯಲ್ಲೇ ಬಣ್ಣ ಹಿಡಿಯುತ್ತದೆ. ಪಟ್ಟಿಯ ಗೆರೆ ಇನ್ನೂ ಎದ್ದು ಕಂಡರೆ 3 ಗ್ರಾಂ ಅನ್ನಭೇದಿಯ ನೀರಿನಲ್ಲಿ ಐದು ನಿಮಿಷ ಆಡಿಸಿ ಜಾಲಿಸಿ. ಬಣ್ಣ ಗಾಢವಾದಂತೆ ಗೆರೆ ಮಸುಕಾಗುತ್ತದೆ, ಇಟ್ಟಿಗೆಗೆಂಪಿನ ಲಂಗ ಕಾಫಿ ಬಣ್ಣದ್ದಾಗುತ್ತದೆ.